ಹಂಡೆಯೊಳಗಿನ ಜೀವ: ಪಾಯಾಸಿಯ ಪ್ರಯೋಗಗಳ ಮರುವಿಚಾರಣೆ



ತರ್ಕಶಾಸ್ತ್ರದ ಮೇಷ್ಟ್ರೊಬ್ಬರ ಹೆಸರಿನ ದತ್ತಿಯಲ್ಲಿ ಮಾತನಾಡುವ ಅವಕಾಶ ನನ್ನ ಪಾಲಿಗೆ ಬಂದದ್ದು ದೊಡ್ಡ ಗೌರವ. ಅವರ ಪುಸ್ತಕಗಳನ್ನು ಕುಟುಂಬದವರು ಈ ಸಂಸ್ಥೆಗೇ ಕೊಟ್ಟಿದ್ದಾರೆ. ತೆರೆದು ನೋಡಿದರೆ ಅಲ್ಲಲ್ಲಿ ಅಂಚಿನಲ್ಲಿ ಸೀಸದಕಡ್ಡಿಯ ಒಂದೇ ಪ್ರಶ್ನೆ: ‘ಕಂಡವರು ಯಾರು?’ ಸತ್ತ ಮೇಲೆ ಏನು, ಆತ್ಮವೆಂಬುದು ಇದೆಯೇ ಎಂಬ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಆ ಪ್ರಶ್ನೆಯೂ ಒಂದು ಕಾರಣ.

ಉಪನಿಷತ್ತಿನ ಆತ್ಮ, ಗೀತೆಯ ದೇಹಿ, ಆಚಾರ್ಯತ್ರಯರ ಜೀವ, ಬೌದ್ಧರ ಅನಾತ್ಮ, ಜೈನರ ದೇಹಪ್ರಮಾಣದ ಜೀವ, ಚಾರ್ವಾಕರ ನಿರಾಕರಣೆ ಇವೆಲ್ಲ ಸಭೆಗೆ ಪರಿಚಿತ. ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಇವೆ. ಅವರಿಗಿಂತ ಚೆನ್ನಾಗಿ ಹೇಳುವ ಶಕ್ತಿ ನನಗಿಲ್ಲ. ಅಲ್ಲೇ ಓದಿಕೊಳ್ಳಬೇಕೆಂದು ಕೋರುತ್ತೇನೆ. ನನಗೆ ಬೇಕಾದದ್ದು ಒಬ್ಬ ಮಾಂಡಲಿಕ, ಹೆಸರಿಲ್ಲದ ಕೆಲವು ಕಳ್ಳರು ಮತ್ತು ಒಂದು ತಕ್ಕಡಿ.

ಪಾಳಿ ದೀಘನಿಕಾಯದ ಇಪ್ಪತ್ಮೂರನೆಯದು ಪಾಯಾಸಿ ಸುತ್ತ. ಕೋಸಲದ ಪಸೇನದಿ ರಾಜನಿಂದ ಸೇತವ್ಯಾ ಪಟ್ಟಣವನ್ನು ಉಂಬಳಿ ಪಡೆದ ಪಾಯಾಸಿ, ಕುಮಾರ ಕಸ್ಸಪನೆಂಬ ಭಿಕ್ಷುವಿನ ಎದುರು ಕೂತು ಪರಲೋಕವಿಲ್ಲ, ಪಾಪಪುಣ್ಯಗಳಿಗೆ ಫಲವಿಲ್ಲ ಎಂದು ವಾದಿಸುತ್ತಾನೆ. ಬಾಯಿಮಾತಿನ ವಾದವಲ್ಲ, ತಾನು ಮಾಡಿ ನೋಡಿದ್ದೇನೆ ಎನ್ನುತ್ತಾನೆ. ಸಾಯಲಿದ್ದ ದುಷ್ಟ ಬಂಧುಗಳಿಗೆ ‘ನರಕಕ್ಕೆ ಹೋದರೆ ಬಂದು ಹೇಳಿ’ ಎಂದಿದ್ದ, ಸಜ್ಜನರಿಗೆ ‘ಸ್ವರ್ಗಕ್ಕೆ ಹೋದರೆ ತಿಳಿಸಿ’ ಎಂದಿದ್ದ. ಯಾರೂ ಬರಲಿಲ್ಲ. ಮರಣದಂಡನೆಯ ಕಳ್ಳನನ್ನು ಜೀವಂತ ಗುಡಾಣಕ್ಕೆ ಇಳಿಸಿ, ಬಾಯಿಗೆ ಹಸಿ ಚರ್ಮ ಬಿಗಿದು, ಮಣ್ಣು ಮೆತ್ತಿ, ಒಲೆಯ ಮೇಲಿಟ್ಟು ಬೆಂಕಿ ಹಾಕಿಸಿದ. ಸತ್ತದ್ದು ಖಾತ್ರಿಯಾದ ಮೇಲೆ ಕೆಳಗಿಳಿಸಿ, ಮೆಲ್ಲನೆ ಬಾಯಿ ಬಿಚ್ಚಿ, ಜೀವ ಹೊರಬರುತ್ತದೆಯೇ ಎಂದು ನೋಡಿದ. ಏನೂ ಕಾಣಲಿಲ್ಲ. ಇನ್ನೊಬ್ಬನನ್ನು ತಕ್ಕಡಿಯಲ್ಲಿ ತೂಗಿ, ಬಿಲ್ಲಿನ ಹೆದೆಯಿಂದ ಉಸಿರು ಕಟ್ಟಿಸಿ ಕೊಂದು, ಮತ್ತೆ ತೂಗಿಸಿದ. ಬದುಕಿದ್ದಾಗ ಹಗುರ, ಸತ್ತ ಮೇಲೆ ಭಾರ.

ಇದೇ ಕಥೆ ಜೈನರಲ್ಲೂ ಇದೆ. ಶ್ವೇತಾಂಬರರ ರಾಯಪಸೇಣಿಯದಲ್ಲಿ ಸೇಯವಿಯಾ ನಗರದ ರಾಜ ಪಏಸಿ, ಪಾರ್ಶ್ವನಾಥರ ಪರಂಪರೆಯ ಕೇಶಿ ಶ್ರಮಣನ ಜೊತೆ ಇದೇ ವಾದ ಹೂಡುತ್ತಾನೆ. ನಮ್ಮ ಕನ್ನಡನಾಡಿನ ಜೈನರು ಬಹುಪಾಲು ದಿಗಂಬರರು, ಶ್ವೇತಾಂಬರ ಆಗಮಗಳನ್ನು ಪ್ರಮಾಣವೆಂದು ಒಪ್ಪದವರು. ಈ ರಾಜ ನಮ್ಮಲ್ಲಿ ಮನೆಮಾತಾಗದೆ ಹೋದದ್ದಕ್ಕೆ ಅದೂ ಒಂದು ಕಾರಣವಿದ್ದೀತು. ಎರಡು ಪಾಠಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದವರಲ್ಲಿ ಸ್ವಿಸ್ ಮೂಲದ ವಿದ್ವಾಂಸ ಅರ್ನ್ಸ್ಟ್ ಲಾಯ್ಮನ್ ಮೊದಲಿಗರು, 1880ರ ದಶಕದಲ್ಲೇ. ವಿಲ್ಲೆಮ್ ಬೊಲ್ಲೆ 2002ರಲ್ಲಿ ಜೈನ ಕಥೆಯನ್ನು ಸವಿವರವಾಗಿ ಪ್ರಕಟಿಸಿದರು. ಆದರೂ ನಮ್ಮ ಕಡೆಯ ಚರ್ಚೆಗಳಲ್ಲಿ ಪಾಳಿ ಪಾಠವೊಂದೇ ಓಡಾಡುತ್ತದೆ. ತಕರಾರು ಹುಟ್ಟುವುದೂ ಅಲ್ಲಿಂದಲೇ.

ನಮ್ಮ ವಿಚಾರವಾದಿ ಮಿತ್ರರು ಪಾಯಾಸಿಯನ್ನು ಭಾರತದ ಮೊದಲ ಪ್ರಯೋಗಶೀಲ ವಿಜ್ಞಾನಿ ಎಂದು ಮೆರೆಸುತ್ತಾರೆ. ಅವರ ಕಳಕಳಿಯ ಬಗ್ಗೆ ನನಗೆ ಆದರವಿದೆ, ತೀರ್ಮಾನವನ್ನು ಮಾತ್ರ ಒಪ್ಪಲಾರೆ. ತಕ್ಕಡಿಯ ಪ್ರಸಂಗವನ್ನೇ ನೋಡಿ. ಪಾಳಿಯಲ್ಲಿ ಸತ್ತವನ ತೂಕ ಹೆಚ್ಚಿತು. ಜೈನ ಪಾಠದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದೇ ಪಟ್ಟಣ, ಅದೇ ರಾಜ, ಅದೇ ತಕ್ಕಡಿ, ಫಲಿತಾಂಶ ಬೇರೆ. ಏಕೆ? ಉತ್ತರ ಕೊಡುವವನ ಕೈಯಲ್ಲಿರುವ ದೃಷ್ಟಾಂತ ನೋಡಿದರೆ ತಿಳಿಯುತ್ತದೆ. ಕಸ್ಸಪನ ಬಳಿ ಇದ್ದದ್ದು ಕಬ್ಬಿಣದ ಗುಂಡು: ಕಾದಾಗ ಹಗುರ, ಮೆದು, ಆರಿದಾಗ ಭಾರ, ಬಿರುಸು. ಆ ದೃಷ್ಟಾಂತ ಕೂರಬೇಕಾದರೆ ಹೆಣ ಭಾರವಾಗಲೇಬೇಕು. ಕೇಶಿಯ ಬಳಿ ಇದ್ದದ್ದು ಚರ್ಮದ ಚೀಲ: ಗಾಳಿ ತುಂಬಿದರೂ ತೆಗೆದರೂ ತೂಕ ಒಂದೇ. ಅದಕ್ಕೆ ತಕ್ಕಂತೆ ಅಲ್ಲಿ ಹೆಣದ ತೂಕ ಬದಲಾಗಲಿಲ್ಲ. ಉತ್ತರವನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ತೂಕ ಬರೆದಿದ್ದಾರೆ. ತಕ್ಕಡಿ ಎಲ್ಲೂ ತೂಗಾಡಲಿಲ್ಲ ಎಂಬುದು ನನ್ನ ವಾದ.

ಕಾದ ಕಬ್ಬಿಣ ಹಗುರವಾಗುವುದಿಲ್ಲ ಎಂದು ಯಾವ ಕಮ್ಮಾರನೂ ಹೇಳಿಯಾನು. ಹೆಣ ಭಾರವೆಂಬ ನಂಬಿಕೆ ಮಾತ್ರ ತಕ್ಕಡಿಯಿಂದ ಬಂದದ್ದಲ್ಲ, ಚಟ್ಟ ಹೊತ್ತವರ ಹೆಗಲಿನಿಂದ ಬಂದದ್ದು. ಬದುಕಿದ್ದವನನ್ನು ಎತ್ತಿದರೆ ಅವನೂ ಮೈ ಹಿಡಿದು ಸಹಕರಿಸುತ್ತಾನೆ, ಸತ್ತವನು ಜೋತುಬೀಳುತ್ತಾನೆ. ಜೈನರ ಚೀಲದ ಮಾತು ಭೌತಶಾಸ್ತ್ರದ ಮಟ್ಟಿಗೂ ನಿಲ್ಲುತ್ತದೆ. ಒತ್ತಿ ತುಂಬದ ಗಾಳಿಯ ತೂಕವನ್ನು ಹೊರಗಿನ ಗಾಳಿಯೇ ಎತ್ತಿ ಹಿಡಿಯುವುದರಿಂದ ತಕ್ಕಡಿಗೆ ಅದು ತಿಳಿಯುವುದಿಲ್ಲ.

ಇನ್ನೊಂದು ಪಕ್ಷ ಪಾಳಿ ಪಂಡಿತರದು. ಪಾಳಿ ತ್ರಿಪಿಟಕ ಶ್ರೀಲಂಕೆಯಲ್ಲಿ ಕ್ರಿಸ್ತಪೂರ್ವ ಮೊದಲ ಶತಮಾನದಲ್ಲೇ ಬರಹಕ್ಕಿಳಿಯಿತು, ಶ್ವೇತಾಂಬರ ಆಗಮಗಳು ವಲಭಿಯಲ್ಲಿ ಕೊನೆಯ ರೂಪ ಪಡೆದದ್ದು ಕ್ರಿಸ್ತಶಕ ಐದನೆಯ ಶತಮಾನದಲ್ಲಿ, ಹಾಗಾಗಿ ಕಥೆ ಬೌದ್ಧರದೇ ಎನ್ನುತ್ತಾರೆ. ಬರಹದ ವಯಸ್ಸನ್ನು ಕಥೆಯ ವಯಸ್ಸಿಗೆ ಹಚ್ಚುವ ಈ ಸರಳ ಲೆಕ್ಕ ಜಾನಪದ ಓದುವ ಮೊದಲ ವರ್ಷದ ವಿದ್ಯಾರ್ಥಿಗೂ ಒಪ್ಪಿಗೆಯಾಗದು. ಪಾಠದ ಒಳಗೇ ಸಾಕ್ಷಿಯಿದೆ. ಪಾಯಾಸಿಯ ಪ್ರತಿಜ್ಞೆ ‘ಪರಲೋಕವಿಲ್ಲ’ ಎಂದು. ಹಂಡೆ, ತಕ್ಕಡಿ, ಕಳ್ಳನ ಚರ್ಮ ಮಾಂಸ ಮೂಳೆ ಬಗೆದು ಹುಡುಕುವುದು ಇವು ಪರೀಕ್ಷಿಸುವುದು ಪರಲೋಕವನ್ನಲ್ಲ, ದೇಹಕ್ಕಿಂತ ಬೇರೆಯಾದ ಜೀವವನ್ನು. ಅದು ಪಏಸಿಯ ಪ್ರತಿಜ್ಞೆ: ಜೀವವೂ ಶರೀರವೂ ಒಂದೇ ಎಂದು ಅವನ ವಾದ. ಜೈನ ಪಾಠದಲ್ಲಿ ಪ್ರಶ್ನೆಗೂ ಪ್ರಯೋಗಕ್ಕೂ ಹೊಂದಿಕೆಯಿದೆ. ಪಾಳಿಯಲ್ಲಿ ಪ್ರಯೋಗಗಳು ನೆಂಟರಾಗಿ ಬಂದಿವೆ.

ಅದಕ್ಕಿಂತ ಮುಖ್ಯವಾದದ್ದು: ಜೀವ ಮತ್ತು ಶರೀರ ಒಂದೇ ಅಥವಾ ಬೇರೆ ಎಂಬ ಪ್ರಶ್ನೆಗೆ ಉತ್ತರಿಸಲು ಬುದ್ಧ ನಿರಾಕರಿಸಿದ್ದ. ಅದು ಅವ್ಯಾಕೃತಗಳಲ್ಲಿ ಒಂದು. ಅವನ ಶಿಷ್ಯ ಕಸ್ಸಪ ಇಲ್ಲಿ ಏನು ಮಾಡುತ್ತಾನೆ? ‘ನೀನು ಮಧ್ಯಾಹ್ನ ಮಲಗಿ ಕನಸು ಕಾಣುವಾಗ ನಿನ್ನ ಜೀವ ಹೊರಗೆ ಹೋಗಿಬರುವುದನ್ನು ಸುತ್ತ ಕೂತ ದಾಸಿಯರು ನೋಡುತ್ತಾರೆಯೇ? ಬದುಕಿದ್ದವನದೇ ಕಾಣದು, ಸತ್ತವನದು ನಿನಗೆ ಹೇಗೆ ಕಂಡೀತು?’ ಎಂಬುದು ಅವನ ವಾದ. ಅನಾತ್ಮವಾದಿಯ ಬಾಯಲ್ಲಿ ಓಡಾಡುವ ಜೀವ! ತಕ್ಕಡಿಯ ಪ್ರಸಂಗಕ್ಕೆ ಬರುವಷ್ಟರಲ್ಲಿ ಯಾರೋ ಎಚ್ಚೆತ್ತಿದ್ದಾರೆ. ಅಲ್ಲಿ ಜೀವದ ಮಾತು ಬಿಟ್ಟು ಆಯು, ಬಿಸುಪು, ವಿಜ್ಞಾನ (ಅರಿವು) ಎಂಬ ಬೌದ್ಧರದೇ ಮೂರು ಮಾತು ಬರುತ್ತವೆ. ಎದುರಾಳಿಯ ಭಾಷೆಯಲ್ಲೇ ವಾದಿಸುವ ತಂತ್ರವಿದು ಎಂದು ಕೆಲವರು ಸಮರ್ಥಿಸುತ್ತಾರೆ. ಹಾಗಿದ್ದರೆ ಆ ತಂತ್ರ ಮುಂದಿನ ಪ್ರಸಂಗದಲ್ಲಿ ಏಕೆ ಮಾಯವಾಯಿತು? ಬೇರೆಯವರ ಕಥೆ ತಂದು ಅರ್ಧ ತಿದ್ದಿದ್ದಾರೆ, ಅಷ್ಟೆ. ಕೇಶಿಗೆ ಈ ಮುಜುಗರವಿಲ್ಲ. ಕಬ್ಬಿಣದ ಹಂಡೆಯಲ್ಲಿ ಬಿರುಕಿಲ್ಲದಿದ್ದರೆ ಜೀವ ಹೇಗೆ ಹೊರಬಿತ್ತು ಎಂದರೆ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಭೇರಿ ಬಾರಿಸಿದರೆ ಸದ್ದು ಹೊರಗೆ ಕೇಳುವುದಿಲ್ಲವೇ ಎನ್ನುತ್ತಾನೆ. ಆನೆಗೂ ಹುಳಕ್ಕೂ ಸಮಾನ ಜೀವವೇ ಎಂದರೆ, ದೀಪವನ್ನು ಕೋಣೆಯಲ್ಲಿಟ್ಟರೆ ಕೋಣೆಯಷ್ಟು, ಬುಟ್ಟಿ ಮುಚ್ಚಿದರೆ ಬುಟ್ಟಿಯಷ್ಟು ಬೆಳಕು ಎನ್ನುತ್ತಾನೆ. ಅವನ ಸಿದ್ಧಾಂತ ಸರಿಯೋ ತಪ್ಪೋ, ಸ್ವಂತದ್ದು.

ತೂಗುವ ಹಟ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಹೇವರ್‌ಹಿಲ್‌ನಲ್ಲಿ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಸಾಯುತ್ತಿದ್ದ ಆರು ರೋಗಿಗಳನ್ನು ಮಂಚಸಮೇತ ತೂಗಿ, 1907ರಲ್ಲಿ ಫಲಿತಾಂಶ ಪ್ರಕಟಿಸಿದ. ಮೊದಲ ರೋಗಿ ಸತ್ತಾಗ ಮುಕ್ಕಾಲು ಔನ್ಸ್ ಇಳಿಯಿತು. ಇಂದಿಗೂ ಜನ ಹೇಳುವ 21 ಗ್ರಾಂ ಆತ್ಮ ಅದೇ. ಆರರಲ್ಲಿ ಎರಡನ್ನು ಅವನೇ ಕೈಬಿಟ್ಟ, ಉಳಿದವು ಒಂದಕ್ಕೊಂದು ತಾಳೆಯಾಗಲಿಲ್ಲ. ಹದಿನೈದು ನಾಯಿಗಳನ್ನು ತೂಗಿದಾಗ ಇಳಿಕೆ ಕಾಣಲಿಲ್ಲ. ಅಗಸ್ಟಸ್ ಕ್ಲಾರ್ಕ್ ಎಂಬ ವೈದ್ಯ ಕೂಡಲೇ ಆಕ್ಷೇಪಿಸಿದ: ಉಸಿರು ನಿಂತಾಗ ಶ್ವಾಸಕೋಶ ರಕ್ತವನ್ನು ತಣಿಸುವುದಿಲ್ಲ, ಮೈ ಬಿಸಿಯೇರಿ ಬೆವರು ಆವಿಯಾಗುತ್ತದೆ, ನಾಯಿಗಳು ಹಾಗೆ ಬೆವರುವುದಿಲ್ಲ. ಕಸ್ಸಪನ ಕಥೆಯಲ್ಲಿ ಸತ್ತವನು ಭಾರ, ಕೇಶಿಯದರಲ್ಲಿ ಸಮ, ಮ್ಯಾಕ್‌ಡೂಗಲ್‌ನಲ್ಲಿ ಹಗುರ. ಮೂವರೂ ಸಾವಿನಾಚೆಗೆ ಏನೋ ಉಂಟೆನ್ನುವವರೇ. ಮ್ಯಾಕ್‌ಡೂಗಲ್ ನಿಜವಾಗಿ ತೂಗಿದನೆಂಬ ಗೌರವವನ್ನು ಮಾತ್ರ ಅವನಿಗೆ ಕೊಡಬೇಕು.

ಆ ಕಳ್ಳರ ಬಗ್ಗೆ ಒಂದು ಮಾತು. ಎರಡು ಪಾಠಗಳಲ್ಲೂ ಅವರಿಗೆ ಹೆಸರಿಲ್ಲ. ಬೇಯಿಸಿದ, ಕತ್ತು ಹಿಸುಕಿದ, ಬಗೆದ ಎಂದು ರಾಜ ತನ್ನ ಬಾಯಿಂದಲೇ ಹೇಳುವಾಗ, ಅಹಿಂಸೆಯ ವ್ರತ ತೊಟ್ಟ ಇಬ್ಬರು ಶ್ರಮಣರೂ ದೃಷ್ಟಾಂತ ಹುಡುಕುತ್ತಾರೆ. ‘ಹೀಗೆ ಮಾಡಬಹುದೇ’ ಎಂದು ಆ ಹೊತ್ತಿನಲ್ಲಿ ಇಬ್ಬರೂ ಕೇಳುವುದಿಲ್ಲ. ಪ್ರಯೋಗ ನಡೆದೇ ಇಲ್ಲ ಎಂಬ ನನ್ನ ವಾದಕ್ಕೆ ಇದನ್ನೂ ಸೇರಿಸಿಕೊಳ್ಳುತ್ತೇನೆ. ಎದುರಿಗೆ ನಿಜವಾದ ಹೆಣವಿದ್ದಿದ್ದರೆ ಸಂವಾದ ಇಷ್ಟು ಸಲೀಸಾಗಿ ಸಾಗುತ್ತಿರಲಿಲ್ಲ.

ಹಾಗೆಂದು ಪಾಯಾಸಿಯನ್ನು ಬರಿಯ ಬೆದರುಬೊಂಬೆ ಎಂದು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಚಾರ್ವಾಕರ ಮಾತು ನಮಗೆ ಬಹುಪಾಲು ವಿರೋಧಿಗಳ ಬರಹದಿಂದಲೇ ಸಿಕ್ಕಿದೆ. ವಿಜಯನಗರ ಕಾಲದ ಮಾಧವ ಸರ್ವದರ್ಶನಸಂಗ್ರಹವನ್ನು ಅವರಿಂದಲೇ ಆರಂಭಿಸಿದ್ದು ಅವರನ್ನು ಮೆಟ್ಟಿಲಾಗಿಸಿಕೊಂಡು ಮೇಲೇರಲು. ಆದರೆ ಇಂಥ ಆಕ್ಷೇಪಗಳನ್ನು ಯಾರೂ ಎತ್ತದೆ ಇದ್ದಿದ್ದರೆ ಎರಡು ಪಂಥಗಳು ಇಷ್ಟು ಬೆವರು ಸುರಿಸಿ ಉತ್ತರ ಹೆಣೆಯುತ್ತಿರಲಿಲ್ಲ. ಪ್ರಯೋಗ ಕಟ್ಟುಕಥೆ, ಆಕ್ಷೇಪ ಊರಲ್ಲಿ ಓಡಾಡುತ್ತಿದ್ದದ್ದು. ಅದರಲ್ಲೂ ಮೊದಲನೆಯದು, ‘ಹೋದವರು ಏಕೆ ಬಂದು ಹೇಳಲಿಲ್ಲ’ ಎಂಬುದು. ನಮ್ಮ ಮೇಷ್ಟ್ರು ಪುಸ್ತಕದ ಅಂಚಿನಲ್ಲಿ ಕೇಳಿದ್ದೂ ಅದನ್ನೇ.

ಆ ಆಕ್ಷೇಪ ಕಥೆಗಾರರನ್ನು ಎಷ್ಟು ಕಾಡಿತ್ತು ಎಂಬುದು ಎರಡು ಕಥೆಗಳ ಮುಕ್ತಾಯದಲ್ಲಿ ಗೊತ್ತಾಗುತ್ತದೆ. ಪಾಳಿಯಲ್ಲಿ ಸೋತ ಪಾಯಾಸಿ ದಾನ ಶುರುಮಾಡುತ್ತಾನೆ, ಆದರೆ ಜಿಪುಣನ ದಾನ: ನುಚ್ಚಕ್ಕಿಯ ಅನ್ನ, ಹುಳಿನೀರು, ಒರಟು ಬಟ್ಟೆ. ಸತ್ತು ಸೇರೀಸಕವೆಂಬ ಬಿಕೋ ಎನ್ನುವ ವಿಮಾನದಲ್ಲಿ ದೇವನಾಗಿ ಹುಟ್ಟುತ್ತಾನೆ. ಮಧ್ಯಾಹ್ನ ವಿಶ್ರಾಂತಿಗೆ ಅಲ್ಲಿಗೆ ಬರುವ ಗವಂಪತಿ ಭಿಕ್ಷುವಿನ ಕೈಲಿ, ಮರ್ಯಾದೆಯಿಂದ ದಾನ ಮಾಡಿ ಎಂದು ಭೂಮಿಗೆ ಸುದ್ದಿ ಕಳಿಸುತ್ತಾನೆ. ಜೈನ ಪಾಠದಲ್ಲಿ ಪಏಸಿಗೆ ರಾಣಿ ಸೂರ್ಯಕಾಂತೆಯೇ ವಿಷವಿಕ್ಕುತ್ತಾಳೆ. ಅವನು ಶಾಂತನಾಗಿ ಸತ್ತು ಸೂರ್ಯಾಭ ದೇವನಾಗಿ, ಮಹಾವೀರರ ಸಭೆಗಿಳಿದು ಮೂವತ್ತೆರಡು ಬಗೆಯ ನಾಟ್ಯ ತೋರಿಸುತ್ತಾನೆ. ಯಾರೂ ಮರಳಿ ಬರಲಿಲ್ಲ ಎಂದವನನ್ನೇ ಮರಳಿ ಬಂದ ಸಾಕ್ಷಿಯಾಗಿ ನಿಲ್ಲಿಸುವುದು ಎರಡೂ ಪಂಥಗಳ ಜಾಣತನ.

ಆದರೆ ಅವನ ಷರತ್ತು ಹಾಗಿರಲಿಲ್ಲ. ತನ್ನನ್ನು ಅಷ್ಟು ಪ್ರೀತಿಸುತ್ತಿದ್ದ ಅಜ್ಜಿ ಸ್ವರ್ಗದಲ್ಲಿದ್ದರೆ ಮೊಮ್ಮಗನ ಬಳಿಗೇ ಬಂದು ಹೇಳಲಿ ಎಂಬುದು ಪಏಸಿಯ ಬೇಡಿಕೆ. ಮನುಷ್ಯಲೋಕದ ನಾತ ದೇವತೆಗಳಿಗೆ ಆಗದು ಎಂದು ಕೇಶಿ ಸಮಾಧಾನ ಹೇಳಿದ್ದ. ಅದೇ ಪಏಸಿ ಸೂರ್ಯಾಭ ದೇವನಾಗಿ ಮಹಾವೀರರಿದ್ದಲ್ಲಿಗೆ ಬರುವಾಗ ಆ ನಾತ ಅಡ್ಡಬರಲಿಲ್ಲ. ಸೇಯವಿಯಾದಲ್ಲಿ ಬಿಟ್ಟುಬಂದ ಮಗನ ಮನೆಗೆ ಅವನು ಹೋದನೆಂದು ಮಾತ್ರ ಕಥೆ ಹೇಳುವುದಿಲ್ಲ.