ಬಲೆಗೆ ಬೀಳದ ಹೆಸರುಗಳು

2018ರ ಅಕ್ಟೋಬರ್ 2ರಂದು ಕೆನಡಾದ ವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಘೋಷಣೆ ಆಯ್ತು. ಆ ಹೊತ್ತಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಬಗ್ಗೆ ಒಂದು ಪುಟವೂ ಇರಲಿಲ್ಲ. ಅದೇ ವರ್ಷ ಯಾರೋ ಬರೆದಿದ್ದ ಕರಡನ್ನು ಆಧಾರ ಸಾಲದು ಅಂತ ತಿರಸ್ಕರಿಸಿದ್ದರು. ಅವರ ಜೊತೆ ಪ್ರಶಸ್ತಿ ಹಂಚಿಕೊಂಡ ಗುರು ಜೆರಾರ್ ಮುರು ಅವರಿಗೆ ಮಾತ್ರ ಪುಟ ಮೊದಲೇ ಇತ್ತು!

ಹೀಗೆ ಹೊರಗುಳಿದವರು ಇನ್ನೆಷ್ಟು ಜನ? ಇಲ್ಲದವರನ್ನು ಎಣಿಸೋದು ಹೇಗೆ ಸ್ವಾಮಿ?

ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಬಿಡೋಕಾಗಲ್ಲ. ಕೆರೆಯಲ್ಲಿ ಬಲೆ ಬೀಸಿ, ಸಿಕ್ಕ ಮೀನುಗಳಿಗೆಲ್ಲ ಗುರುತು ಹಾಕಿ ಬಿಡಿ. ಮತ್ತೆ ಬಲೆ ಬೀಸಿದಾಗ ನಾಲ್ಕರಲ್ಲಿ ಒಂದಕ್ಕೆ ಗುರುತಿದ್ದರೆ, ಮೊದಲು ಹಿಡಿದದ್ದು ಕೆರೆಯ ಕಾಲುಭಾಗ ಅಂತ ಅರ್ಥ. 1949ರಲ್ಲಿ ನಮ್ಮ ಚಂದ್ರಶೇಖರನ್ ಮತ್ತು ಅಮೆರಿಕದ ಡೆಮಿಂಗ್ ಇದೇ ಯುಕ್ತಿಯಿಂದ, ಕೋಲ್ಕತ್ತಾ ಹತ್ತಿರದ ಸಿಂಗೂರಿನಲ್ಲಿ ನೋಂದಣಿಯಾಗದ ಜನನ-ಮರಣಗಳನ್ನು ಅಂದಾಜು ಮಾಡಿ ತೋರಿಸಿದರು.

ವಿಕಿಪೀಡಿಯಕ್ಕೂ ಇದೇ ಲೆಕ್ಕ. ಸುಮ್ಮನೆ ಉದಾಹರಣೆಗೆ, ಅದರಲ್ಲಿ 1,000 ರಂಗಕಲಾವಿದರ ಪುಟಗಳಿವೆ ಅಂದುಕೊಳ್ಳಿ. ಬೇರೆಲ್ಲಿಂದಲೋ 200 ಕಲಾವಿದರ ಪಟ್ಟಿ ತನ್ನಿ. ಅವರಲ್ಲಿ 50 ಜನ ವಿಕಿಪೀಡಿಯದಲ್ಲಿ ಸಿಕ್ಕರೆ, ಒಟ್ಟು ಕಲಾವಿದರು ಸುಮಾರು 4,000. ಮುಕ್ಕಾಲು ಪಾಲು ಹೊರಗೆ.

ಆದರೆ ಇಲ್ಲೇ ಎಡವಟ್ಟಾಗೋದು. ಎರಡನೇ ಬಲೆ ಬೇರೆ ಕಡೆ ಬೀಸಬೇಕು. ನಾವು ಏನು ಮಾಡ್ತೀವಿ? ಪ್ರಶಸ್ತಿ ಪಡೆದವರ ಪಟ್ಟಿ ಹಿಡಿದು ಕೂರ್ತೀವಿ. ಪ್ರಶಸ್ತಿ ಬಂದವರ ಬಗ್ಗೆ ಪತ್ರಿಕೆಯಲ್ಲಿ ಬರುತ್ತೆ, ಪತ್ರಿಕೆಯಲ್ಲಿ ಬಂದವರಿಗೆ ವಿಕಿಪೀಡಿಯದಲ್ಲಿ ಪುಟ ಆಗುತ್ತೆ. ಒಂದೇ ದಡದಲ್ಲಿ ಎರಡು ಸಲ ಬಲೆ ಬೀಸಿ, ಕೆರೆ ಬಹುತೇಕ ಖಾಲಿ ಅಂತ ಸಾರಿದ ಹಾಗೆ! ಇಂಗ್ಲಿಷ್ ವಿಕಿಪೀಡಿಯದ ವ್ಯಕ್ತಿಪರಿಚಯಗಳಲ್ಲಿ ಮಹಿಳೆಯರ ಪಾಲು ಇವತ್ತಿಗೂ ಶೇ. 20ರ ಆಸುಪಾಸಿನಲ್ಲೇ ಇದೆ. ಅದು ಆ ಪುಟಗಳನ್ನು ಬರೆಯುವವರ ತಪ್ಪು ಮಾತ್ರ ಅಂತ ನಾನು ಒಪ್ಪಲ್ಲ. ಅವರು ಕೇಳೋದು ಆಧಾರ. ಆಧಾರ ಒದಗಿಸಬೇಕಾದವರು ನಾವು, ಸುದ್ದಿಮನೆಯವರು.

ಹಾಗಾಗಿ ಎರಡನೇ ಪಟ್ಟಿಯನ್ನು ನಾಟಕ ಕಂಪನಿಗಳ ಹಳೇ ಕರಪತ್ರಗಳಿಂದ ಮಾಡಿ ನೋಡಿ ಅಂತೀನಿ. ಅಲ್ಲಿನ 200 ಹೆಸರುಗಳಲ್ಲಿ ವಿಕಿಪೀಡಿಯದಲ್ಲಿ ಸಿಕ್ಕಿದ್ದು ಬರೀ 10 ಅಂದುಕೊಳ್ಳಿ. ಆಗ 4,000 ಇದ್ದ ಅಂದಾಜು ಒಮ್ಮೆಗೇ 20,000ಕ್ಕೆ ಏರುತ್ತೆ. ಅವರೆಲ್ಲರಿಗೂ ಪುಟ ಬೇಕೋ ಬೇಡವೋ, ಅದು ಆಮೇಲಿನ ಚರ್ಚೆ.