ಯಾರ ಕೊಳಗದಿಂದ ಅಳೆಯುವುದು?

ಹಿಂದೆ ಹಳ್ಳಿಯ ಸಾಹುಕಾರರಲ್ಲಿ ಕೆಲವರು ಎರಡು ಕೊಳಗಗಳನ್ನು ಇಟ್ಟುಕೊಂಡಿರುತ್ತಿದ್ದರೆಂದು ಹಿರಿಯರು ಹೇಳುವುದುಂಟು: ಕೊಡುವಾಗ ಒಂದು, ಕೊಳ್ಳುವಾಗ ಇನ್ನೊಂದು. ಎರಡರ ಹೆಸರೂ ಕೊಳಗವೇ. ವ್ಯತ್ಯಾಸ ತಿಳಿಯುತ್ತಿದ್ದುದು ರಾಗಿಯನ್ನು ಮನೆಗೆ ತಂದು ಸುರಿದಾಗ. ಸರ್ಕಾರದ ಸೇವೆಯನ್ನು ಅಳೆಯಹೊರಟವರು ಈ ಮಾತನ್ನು ಮರೆಯಲಾಗದು.

ಪಾಸ್‌ಪೋರ್ಟಿನ ಸಂಗತಿಯನ್ನೇ ತೆಗೆದುಕೊಳ್ಳೋಣ. ವಿದೇಶಪ್ರಯಾಣವು ವ್ಯಕ್ತಿಸ್ವಾತಂತ್ರ್ಯದ ಒಂದು ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆಯೂ ಬಂದಿತು. ಅಂದಿನಿಂದ ಅದು ಸರ್ಕಾರ ದಯಪಾಲಿಸುವ ವರವಾಗಿ ಉಳಿಯಲಿಲ್ಲ. ಹಕ್ಕಿನ ವಿಷಯದಲ್ಲಿ ವಿಳಂಬವೂ ಒಂದು ಬಗೆಯ ನಿರಾಕರಣೆಯೇ. ಆದುದರಿಂದಲೇ ಅಳತೆ ಬೇಕು.

ಆ ಅಳತೆಯ ಹೊಸ ಕ್ರಮ ಮೊದಲು ಕಾಣಿಸಿಕೊಂಡದ್ದು ನಮ್ಮ ನಾಡಿನಲ್ಲಿಯೇ. 2010ರಲ್ಲಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಪ್ರಾಯೋಗಿಕವಾಗಿ ತೆರೆದವು. ಅಲ್ಲಿ ಕೆಲಸ ಮೂರು ಹಂತಗಳಲ್ಲಿ ಸಾಗುತ್ತದೆ. ಖಾಸಗಿ ಸಂಸ್ಥೆಯ ನೌಕರರು ಭಾವಚಿತ್ರ, ಬೆರಳಗುರುತು ತೆಗೆದುಕೊಳ್ಳುತ್ತಾರೆ. ಸರ್ಕಾರಿ ಅಧಿಕಾರಿಗಳು ದಾಖಲೆಗಳನ್ನು ಪರಿಶೀಲಿಸುತ್ತಾರೆ. ಮಂಜೂರಾತಿಯ ನಿರ್ಧಾರ ಮತ್ತೊಬ್ಬ ಅಧಿಕಾರಿಯದು. ಯಾರು ಎಲ್ಲಿ ಎಷ್ಟು ನಿಮಿಷ ಕಾದರೆಂಬುದು ಟೋಕನ್ನಿನಿಂದಲೇ ತಿಳಿಯುತ್ತದೆ. 2017ರ ಜನವರಿಯಲ್ಲಿ ಮೈಸೂರಿನ ಪ್ರಧಾನ ಅಂಚೆಕಚೇರಿಯಲ್ಲಿ ಇಂಥದೇ ಕೇಂದ್ರ ಆರಂಭವಾಯಿತು. ಈಗ ತುಮಕೂರಿನಲ್ಲಿಯೂ ಇದೆ.

ಅಳತೆ ಕೆಲಸವನ್ನು ಚುರುಕುಗೊಳಿಸುತ್ತದೆ, ಸಂದೇಹವಿಲ್ಲ. ಪೊಲೀಸರ ವರದಿ 21 ದಿನಗಳೊಳಗೆ ಬಂದರೆ ಅರ್ಜಿಯೊಂದಕ್ಕೆ 150 ರೂಪಾಯಿ, ತಡವಾದರೆ ಕಡಿಮೆ ಎಂದು ವಿದೇಶಾಂಗ ಸಚಿವಾಲಯವು ಕಟ್ಟಳೆ ಮಾಡಿದ್ದು ಈ ನಂಬಿಕೆಯಿಂದಲೇ.

ಈಗ ತುಮಕೂರು ತಾಲ್ಲೂಕಿನ ಕೋರದಲ್ಲಿ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಮಗಳು ಪರದೇಶದಲ್ಲಿ ತುಂಬಿದ ಬಸುರಿ. ಬಾಣಂತನಕ್ಕೆ ತಾಯಿ ಹೋಗಬೇಕು. ಪಾಸ್‌ಪೋರ್ಟಿನಲ್ಲಿ ಹೆಸರಿನ ಇನಿಷಿಯಲ್ ಅನ್ನು ಬಿಡಿಸಿ ಬರೆಯಬೇಕಂತೆ. ಈಕೆಯ ಹೆಸರಿನ ಮುಂದಿನ ಒಂಟಿ ಅಕ್ಷರ ಒಂದು ಕಾಗದದಲ್ಲಿ ತಂದೆಯದು, ಇನ್ನೊಂದರಲ್ಲಿ ಗಂಡನದು. ತುಮಕೂರಿಗೆ ಹೋದಾಕೆ ತಿದ್ದುಪಡಿಗೆಂದು ಹಿಂದಿರುಗುತ್ತಾಳೆ. ಕಾಗದ ಸರಿಪಡಿಸಿ, ಮತ್ತೆ ದಿನ ಗೊತ್ತುಮಾಡಿಕೊಂಡು ಬರುತ್ತಾಳೆ. ಟೋಕನ್ನಿನ ಲೆಕ್ಕದಲ್ಲಿ ಎರಡೂ ಭೇಟಿ ಬೇಗ ಮುಗಿದಿವೆ, ಕಚೇರಿಗೆ ಪೂರ್ಣಾಂಕ. ತಾಯಿಯ ಲೆಕ್ಕದಲ್ಲಿ ಒಂದು ತಿಂಗಳು ಕಳೆದಿದೆ. ಹುಟ್ಟುವ ಮಗು ಕಾಯುವುದಿಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಕೊಳಗಗಳು ಮಾತ್ರ ಎರಡು.

ಸರಾಸರಿಯೂ ಹೀಗೆಯೇ ಮರೆಮಾಚುತ್ತದೆ. 9 ಜನರಿಗೆ ಐದೈದು ದಿನಗಳಲ್ಲಿ ಕೆಲಸವಾಗಿ, ಹತ್ತನೆಯವನಿಗೆ 55 ದಿನ ಹಿಡಿದರೆ ಸರಾಸರಿ 10 ದಿನ. ಆ 10 ದಿನ ಯಾರ ಅನುಭವವೂ ಅಲ್ಲ.

ಆದುದರಿಂದ ಎಣಿಕೆಯು ಅರ್ಜಿದಾರರು ಮೊದಲ ಸಲ ದಿನ ಕೇಳಿದಂದಿನಿಂದ ಆರಂಭವಾಗಿ, ಪುಸ್ತಕ ಕೈಸೇರಿದಂದು ಮುಗಿಯಬೇಕು. ಹಿಂದಿರುಗಿ ಹೋದವರೆಷ್ಟು, ಯಾವ ಕಾರಣಕ್ಕೆ ಎಂಬುದೂ ವರದಿಯಲ್ಲಿರಬೇಕು. ಎಲ್ಲರಿಗಿಂತ ಹೆಚ್ಚು ಕಾದವರ ಲೆಕ್ಕ ಮೊದಲ ಪುಟದಲ್ಲಿರಬೇಕು. ಹಾಗೆ ಮಾಡಿದರೆ ಅಂಕಗಳು ಇಳಿಯಬಹುದು; ಸೇವೆ ಏರುತ್ತದೆ.

ರಾಶಿಯ ಮುಂದೆ ಅಳೆಯುವವನೊಬ್ಬನೇ ನಿಂತರೆ ಸಾಲದು; ಚೀಲ ಹಿಡಿದವನೂ ಎಣಿಸಬೇಕು.