ಮನೆತನದ ಹಳೆಯ ಕೊಲೆಮೊಕದ್ದಮೆ



ತಮ್ಮ ವಂಶದ ವೃತ್ತಾಂತವನ್ನು ಬರೆದಿಡಬೇಕೆಂಬ ಆಸೆ ಈಗ ಅನೇಕ ಮನೆಗಳಲ್ಲಿ ಕಾಣುತ್ತಿದೆ. ಪಟ್ಟಣಕ್ಕೆ ಬಂದು ಎರಡು ಮೂರು ತಲೆಮಾರು ಕಳೆದವರು, ತಮ್ಮ ಹಿರಿಯರು ಯಾವ ಊರಿನವರು, ಯಾವ ಹೊಲವನ್ನು ಉತ್ತವರು, ಯಾವ ದೇವರ ಒಕ್ಕಲು ಎಂದು ವಿಚಾರಿಸುತ್ತಾರೆ. ವಿಚಾರಣೆ ಸುಗಮವಾಗಿಯೇ ಸಾಗುತ್ತದೆ. ಆದರೆ ಒಂದೊಂದು ಮನೆಯಲ್ಲಿ ಯಾವುದೋ ಒಂದು ಹೆಸರಿನ ಬಳಿಗೆ ಬಂದಾಗ ಮಾತು ನಿಂತುಬಿಡುತ್ತದೆ. “ಅವನ ಸುದ್ದಿ ಬೇಡಪ್ಪಾ” ಎಂದು ಅಜ್ಜಿ ಎದ್ದು ಒಳಕ್ಕೆ ಹೋಗುತ್ತಾಳೆ. ಆ ಹೆಸರಿನವನು ಕೊಲೆಯಾದವನಿರಬಹುದು, ಕೊಂದವನಿರಬಹುದು, ಕೊಂದನೆಂದು ಶಿಕ್ಷೆಯನ್ನನುಭವಿಸಿ, ನಿಜವಾಗಿ ಕೈಯೆತ್ತದವನೂ ಇರಬಹುದು. ಈ ಮೂವರಲ್ಲಿ ಅವನು ಯಾರೆಂಬುದನ್ನು ಎಂಬತ್ತು ತೊಂಬತ್ತು ವರ್ಷಗಳ ಮೇಲೆ ಅವನ ಮನೆಯವರೇ ಹೇಗೆ ಅರಸಬಹುದು ಎಂಬುದು ಇಂದಿನ ನನ್ನ ವಿಷಯ.

ವಿಷಯ ಗಾಳಿಯಲ್ಲಿ ನಿಲ್ಲಬಾರದು. ಆದಕಾರಣ ಗೌರಸಮುದ್ರದ ಕಡೆಯ ಒಂದು ಮನೆತನವನ್ನು ಊಹಿಸಿಕೊಳ್ಳೋಣ. ಮನೆ ಕಲ್ಪಿತ, ಊರು ನಿಜ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರವನ್ನು ಮಾರಮ್ಮನ ಜಾತ್ರೆಯಿಂದ ಅರಿಯದವರು ಆ ಸೀಮೆಯಲ್ಲಿಲ್ಲ. ಮಳೆ ಅಪರೂಪವಾದ ಪ್ರದೇಶ. ಕುರಿಯೂ ಕಡಲೆಕಾಯಿಯೂ ಜೀವನಾಧಾರ. ನೀರಿರುವ ಬಾವಿ ಅಲ್ಲಿ ಬಂಗಾರಕ್ಕಿಂತ ಹೆಚ್ಚು. ನಮ್ಮ ಕಲ್ಪಿತ ಮನೆಯವರು ಹೇಳುವ ಕಥೆ ಇಷ್ಟೆಂದಿಟ್ಟುಕೊಳ್ಳಿ: 1935ರ ಸುಮಾರಿನಲ್ಲಿ ಬಾವಿಯ ನೀರಿನ ಸರದಿಗಾಗಿ ಜಗಳವಾಗಿ ಮುತ್ತಜ್ಜನನ್ನು ದಾಯಾದಿಯೊಬ್ಬನು ಕೊಂದನು, ದುಡ್ಡು ಚೆಲ್ಲಿ ಖುಲಾಸೆಯಾದನು, ಅಂದಿನಿಂದ ಎರಡು ಮನೆಗಳಿಗೆ ಬೆಂಕಿ ನೀರು ಇಲ್ಲ. ಇಂಥ ಕಥೆಯಲ್ಲಿ ಮೂರು ಸಂಗತಿಗಳು ಬೆರೆತಿವೆ. ಸಾವು ಒಂದು, ಕಾರಣ ಒಂದು, ತೀರ್ಪು ಒಂದು. ಮೊದಲನೆಯದು ಬಹುಶಃ ನಿಜ. ಉಳಿದೆರಡನ್ನು ಕಾಗದದ ಮುಂದೆ ನಿಲ್ಲಿಸಿ ಕೇಳಬೇಕಾಗಿದೆ.

ಹುಡುಕುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಹೆಣ ಬಿದ್ದದ್ದು ಯಾವ ಸರ್ಕಾರದ ನೆಲದಲ್ಲಿ ಎಂಬುದು. ಬೇರೆ ಸೀಮೆಗಳಲ್ಲಿ ಈ ಪ್ರಶ್ನೆ ಹಾಸ್ಯವೆನಿಸೀತು, ಇಲ್ಲಿ ಹಾಗಲ್ಲ. ಮೊಳಕಾಲ್ಮೂರಿನ ಆಚೆ ರಾಯದುರ್ಗ. ಅಂದು ಈಚೆಯದು ಮೈಸೂರು ಸಂಸ್ಥಾನ, ಆಚೆಯದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಒಂದೇ ನೆಂಟಸ್ತಿಕೆಯ ಜನ ಎರಡೂ ಕಡೆ ಇದ್ದರು. ಘಟನೆ ಆಚೆ ನಡೆದಿದ್ದರೆ ಮೊಕದ್ದಮೆ ಬಳ್ಳಾರಿಯ ಸೆಷನ್ಸ್ ನ್ಯಾಯಾಲಯಕ್ಕೂ ಮದರಾಸಿನ ಹೈಕೋರ್ಟಿಗೂ ಸೇರಿದ್ದು. ಅದನ್ನು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಹುಡುಕಿ, ಸಿಕ್ಕಲಿಲ್ಲವೆಂದಮೇಲೆ “ಕಾಗದವನ್ನು ನಾಶಮಾಡಿಸಿದರು” ಎಂದು ದಾಯಾದಿಯ ಮೇಲೆ ಇನ್ನೊಂದು ಅಪರಾಧವನ್ನು ಹೊರಿಸುವುದು ಅನ್ಯಾಯ.

ಈಚೆ ನಡೆದದ್ದಾದರೆ ದಾರಿ ಬೇರೆ. ಜಿಲ್ಲೆಗೊಂದು ಸೆಷನ್ಸ್ ಕೋರ್ಟು ಎಂಬ ಈಗಿನ ಏರ್ಪಾಡನ್ನು ಹಿಂದಕ್ಕೆ ಎಳೆಯಕೂಡದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಡೀ ಸಂಸ್ಥಾನಕ್ಕೆ ಬೆಂಗಳೂರು, ಮೈಸೂರು, ಶಿವಮೊಗ್ಗಗಳಲ್ಲಿ ಮಾತ್ರ ಅಂಥ ನ್ಯಾಯಾಲಯಗಳಿದ್ದುವು. ಆದ್ದರಿಂದ ದುರ್ಗದಲ್ಲಿ ಸಿಕ್ಕದ ಕಡತವನ್ನು ಶಿವಮೊಗ್ಗದಲ್ಲಿಯೂ ವಿಚಾರಿಸುವುದು ಲೇಸು. ಮೇಲ್ಮನವಿಗಳನ್ನು ಕೇಳುತ್ತಿದ್ದ ಚೀಫ್ ಕೋರ್ಟು 1884ರಲ್ಲಿ ಸ್ಥಾಪಿತವಾಗಿ 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ತಳೆಯಿತು. ಮರಣದಂಡನೆ ವಿಧಿಸಿದ ಪ್ರತಿಯೊಂದು ತೀರ್ಪೂ ಸ್ಥಿರೀಕರಣಕ್ಕಾಗಿ ಮೇಲಿನ ನ್ಯಾಯಾಲಯಕ್ಕೆ ಹೋಗಲೇಬೇಕಾಗಿದ್ದುದರಿಂದ, ಗಲ್ಲಿನ ಮೊಕದ್ದಮೆಗಳ ಜಾಡು ಸಾಮಾನ್ಯವಾಗಿ ಉಳಿಯುತ್ತದೆ. ಖುಲಾಸೆಯಾದವುಗಳ ಜಾಡು ಬೇಗ ಅಳಿಯುತ್ತದೆ. ಸರ್ಕಾರದ ಪತ್ರವ್ಯವಹಾರವೇನಾದರೂ ನಡೆದಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ನೋಡಬಹುದು. ಪೊಲೀಸ್ ಠಾಣೆಯ ದಾಖಲೆಯನ್ನು ಕೇಳುವವರಿಗೆ 2005ರ ಮಾಹಿತಿ ಹಕ್ಕಿನ ಶಾಸನ ನೆರವಾಗುತ್ತದೆ: ಇಪ್ಪತ್ತು ವರ್ಷ ಮೀರಿದ ಸಂಗತಿಗಳ ವಿಷಯದಲ್ಲಿ ಮಾಹಿತಿಯನ್ನು ತಡೆಹಿಡಿಯಲು ಆ ಶಾಸನ ಒಪ್ಪುವ ಕಾರಣಗಳು ಕೆಲವೇ. ಊರ ಲೆಕ್ಕವನ್ನು ಬರೆಯುತ್ತಿದ್ದ ಶಾನುಭೋಗರ ವಂಶಪಾರಂಪರ್ಯದ ಅಧಿಕಾರ 1963ರಲ್ಲಿ ಮುಗಿಯಿತು. ಆಮೇಲೆ ತಾಲ್ಲೂಕು ಕಚೇರಿಗೆ ಸೇರದ ಕಾಗದವೇನಾದರೂ ಉಳಿದಿದ್ದರೆ, ಅದನ್ನು ಅವರ ಅಟ್ಟದಲ್ಲಿ, ಗೆದ್ದಲು ಬಿಟ್ಟಷ್ಟರ ಮಟ್ಟಿಗೆ ಹುಡುಕಬೇಕು.

ಕಡತ ದೊರೆಯಿತೆನ್ನಿ. ಎಲ್ಲರ ಕೈಯೂ ಮೊದಲು ತೀರ್ಪಿನ ಪುಟಕ್ಕೆ ಹೋಗುತ್ತದೆ. ಅದನ್ನು ಕೊನೆಗೆ ಓದಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ಓದತಕ್ಕದ್ದು ಶವಮಹಜರು. 1898ರ ದಂಡಪ್ರಕ್ರಿಯಾ ಸಂಹಿತೆಯ 174ನೆಯ ಪ್ರಕರಣದ ಪ್ರಕಾರ ಪೊಲೀಸ್ ಅಧಿಕಾರಿ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮದಲ್ಲಿ ಶವವನ್ನು ನೋಡಿ, ಗಾಯಗಳನ್ನೂ ಸಾವಿಗೆ ತೋರುವ ಕಾರಣವನ್ನೂ ಬರೆಯಬೇಕಾಗಿತ್ತು. ಸಾಕ್ಷಿಗಳ ಮನಸ್ಸಿನಲ್ಲಿ ಕಥೆ ಗಟ್ಟಿಯಾಗುವುದಕ್ಕೆ ಮುಂಚಿನ ಬರಹ ಅದು. “ಕೊಡಲಿಯಿಂದ ಕಡಿದರು” ಎಂದು ಮನೆಯವರು ಎಂಬತ್ತು ವರ್ಷಗಳಿಂದ ಹೇಳುತ್ತ ಬಂದಿರುವಲ್ಲಿ, ಮಹಜರಿನಲ್ಲಿ ಕಡಿದ ಗಾಯವೇ ಇಲ್ಲದೆ ತಲೆಯ ಹಿಂಭಾಗದ ಒಂದು ಪೆಟ್ಟು ಮಾತ್ರ ಇದ್ದರೆ ಏನೆನ್ನಬೇಕು? ಜಗಳದಲ್ಲಿ ತಳ್ಳಲ್ಪಟ್ಟು ಬಾವಿಯ ಕಲ್ಲಿಗೆ ಬಿದ್ದು ಸತ್ತಿರಲೂಬಹುದು. ಆಗ ಮೊಕದ್ದಮೆ ಕೊಲೆಯ 302ನೆಯ ಪ್ರಕರಣದಿಂದ 304ಕ್ಕೆ ಇಳಿದಿದ್ದರೆ ಅದಕ್ಕೆ ದುಡ್ಡೇ ಕಾರಣವೆನ್ನಬೇಕಾದುದಿಲ್ಲ.

ಇನ್ನು ಸಾಕ್ಷಿಗಳ ಹೇಳಿಕೆಗಳು. ಹಳೆಯ ಕ್ರಮದಲ್ಲಿ ಒಂದು ವಿಶೇಷವಿತ್ತು. ಕೊಲೆಯ ಆಪಾದಿತನನ್ನು ನೆಟ್ಟಗೆ ಸೆಷನ್ಸಿಗೆ ಕಳುಹಿಸುತ್ತಿರಲಿಲ್ಲ; ಮ್ಯಾಜಿಸ್ಟ್ರೇಟರು ಮೊದಲು ಸಾಕ್ಷ್ಯವನ್ನು ಕೇಳಿ, ಆಧಾರವಿದೆಯೆಂದು ಕಂಡರೆ ಮಾತ್ರ ಮೇಲಕ್ಕೆ ಒಪ್ಪಿಸುತ್ತಿದ್ದರು. ಹಾಗಾಗಿ ಒಬ್ಬನೇ ಸಾಕ್ಷಿ ಒಂದೇ ಸಂಗತಿಯನ್ನು ಕೆಲವು ತಿಂಗಳ ಅಂತರದಲ್ಲಿ ಎರಡು ಸಲ ಪ್ರಮಾಣ ಮಾಡಿ ಹೇಳಿರುತ್ತಾನೆ. ಎರಡನ್ನೂ ಎದುರೆದುರಿಗಿಟ್ಟು ಓದುವುದಕ್ಕೆ ಸಮನಾದ ಪರೀಕ್ಷೆ ಇನ್ನೊಂದಿಲ್ಲ. ಮೊದಲ ಸಲ “ಕತ್ತಲಾಗಿತ್ತು, ದನಿಯಿಂದ ಗುರುತಿಸಿದೆ” ಎಂದವನು ಎರಡನೆಯ ಸಲ “ಮುಖ ನೋಡಿದೆ” ಎಂದರೆ, ನಡುವೆ ಯಾರೋ ಅವನ ಮನೆಗೆ ಹೋಗಿಬಂದಿರಬೇಕು. ಹೋದವರು ನಮ್ಮ ಮುತ್ತಜ್ಜಿಯ ಅಣ್ಣತಮ್ಮಂದಿರೇ ಆಗಿದ್ದರೆ? ಈ ಸಾಧ್ಯತೆಯನ್ನು ಎದುರಿಸಲಾರದವರು ಕಡತವನ್ನು ಬಿಚ್ಚದಿರುವುದೇ ಮೇಲು. ಇದರೊಡನೆ ಭಾಷೆಯ ತೊಡಕೊಂದುಂಟು. ಚಳ್ಳಕೆರೆ ಮೊಳಕಾಲ್ಮೂರುಗಳಲ್ಲಿ ಮನೆಮಾತು ತೆಲುಗಾಗಿರುವ ನಾಯಕ ಜನಾಂಗದವರು ಬಹಳ. ಸಾಕ್ಷಿ ತೆಲುಗಿನಲ್ಲಿ ನುಡಿದದ್ದನ್ನು ಗುಮಾಸ್ತ ಕನ್ನಡದಲ್ಲಿ ಬರೆದು, ನ್ಯಾಯಾಧೀಶರು ಇಂಗ್ಲೀಷಿನಲ್ಲಿ ಸಂಗ್ರಹಿಸಿದ್ದಾದರೆ, “ಹೊಡೆದ” ಎಂಬುದಕ್ಕೂ “ಹೊಡೆದು ಕೆಡವಿದ” ಎಂಬುದಕ್ಕೂ ಇರುವ ಅಂತರ ಎಲ್ಲಿ ಸೋರಿಹೋಯಿತೆಂದು ಹೇಳುವವರಾರು? ಒಂದು ಕ್ರಿಯಾಪದದ ಮೇಲೆ ತೀರ್ಮಾನವನ್ನು ನಿಲ್ಲಿಸಬಾರದು.

ತೀರ್ಪು ಉತ್ತರಿಸುವ ಪ್ರಶ್ನೆ ಮನೆಯವರು ಕೇಳುವ ಪ್ರಶ್ನೆಯಲ್ಲ. ಯಾರು ಕೊಂದರು ಎಂದು ಮನೆ ಕೇಳುತ್ತದೆ. ಈ ಆಪಾದಿತನ ಮೇಲಿನ ಆರೋಪ ಸಂಶಯಕ್ಕೆಡೆಯಿಲ್ಲದಂತೆ ರುಜುವಾತಾಯಿತೇ ಎಂದು ನ್ಯಾಯಾಲಯ ಕೇಳಿಕೊಳ್ಳುತ್ತದೆ. ಖುಲಾಸೆಯೆಂದರೆ ನಿರಪರಾಧಿಯೆಂಬ ಸಾರ್ವಜನಿಕ ಘೋಷಣೆಯೂ ಅಲ್ಲ, ಲಂಚದ ಫಲವೂ ಅಲ್ಲ, ಸಾಕ್ಷ್ಯ ಸಾಲಲಿಲ್ಲವೆಂದಷ್ಟೆ. ಶಿಕ್ಷೆಯಾದಾಗಲೂ ಎಚ್ಚರ ಬೇಕು. ಬಡವನ ಪರವಾಗಿ ವಾದಿಸಿದವರು ಯಾರು, ಅವರು ಎಷ್ಟು ಸಾಕ್ಷಿಗಳನ್ನು ಪಾಟೀಸವಾಲು ಮಾಡಿದರು ಎಂಬುದನ್ನು ಎಣಿಸಿ ನೋಡಿದರೆ ಕೆಲವು ತೀರ್ಪುಗಳ ಭಾರ ಕಡಿಮೆಯಾಗುತ್ತದೆ.

ಮನೆಯ ನೆನಪಿಗೂ ನ್ಯಾಯಾಲಯದ ಬರಹಕ್ಕೂ ಎಷ್ಟು ದೂರವಿರಬಹುದೆಂಬುದಕ್ಕೆ ಕಲ್ಪನೆಯೇ ಬೇಕಾಗಿಲ್ಲ. ನಮ್ಮ ಸಂಸ್ಥಾನದ ಪ್ರಸಿದ್ಧ ಮೊಕದ್ದಮೆಯೊಂದಿದೆ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಆ ತಿಂಗಳ 28ರಂದು ಊರಿಗೆ ಬಂದ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರೂ ಗಲಭೆಯಲ್ಲಿ ಹತರಾದರು. ವಿಚಾರಣೆ ನಡೆದು, 1943ರ ಮಾರ್ಚಿ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನ್ಯಾಯಾಲಯದ ಲೆಕ್ಕದಲ್ಲಿ ಇವರು ಕೊಲೆಗಾರರು; 1947ರ ಬಳಿಕ ನಾಡಿನ ಲೆಕ್ಕದಲ್ಲಿ ಹುತಾತ್ಮರು. ಅವರನ್ನು ನಾಡು ಗೌರವಿಸುವುದು ಯುಕ್ತವೇ. ಆದರೂ ಆ ಒಂದು ಕಡತ ಏಳು ಮನೆಗಳ ವಂಶಚರಿತ್ರೆಯಾಗಿದೆ ಎಂಬುದನ್ನು ಮರೆಯಲಾಗದು. ಐದು ಮನೆಗಳಿಗೆ ಸ್ಮಾರಕವುಂಟು. ಸರ್ಕಾರಿ ಕೆಲಸಕ್ಕೆಂದು ಹೋಗಿ ಹಿಂದಿರುಗದೆ ಉಳಿದ ಇಬ್ಬರ ಮೊಮ್ಮಗನೊಬ್ಬನು ಈ ವಿಷಯವನ್ನು ಅರಸಲು ಹೊರಟರೆ, ಅವನು ಯಾವ ಸಭೆಯಲ್ಲಿ ಎದ್ದು ನಿಂತು ಮಾತನಾಡಬೇಕು?

ದುರ್ಗದ ಸೀಮೆಯವರಿಗೆ ಇನ್ನೊಂದು ಎಚ್ಚರಿಕೆ. ತ. ರಾ. ಸು. ಅವರು ಪಾಳೆಯಗಾರರ ಮನೆಯೊಳಗಿನ ಕೊಲೆಗಳನ್ನು ಕಾದಂಬರಿಗಳಾಗಿ ಬರೆದ ಮೇಲೆ, ಅನೇಕರಿಗೆ ಆ ಕಾದಂಬರಿಗಳೇ ಇತಿಹಾಸವಾಗಿಬಿಟ್ಟಿವೆ. ಅವರು ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರು, ನೆಲದ ವಾಸನೆ ಬಲ್ಲವರು, ಆದರೂ ಕಾದಂಬರಿಕಾರರು. ಸಣ್ಣ ಮನೆತನಗಳಲ್ಲಿಯೂ ಇಂಥ ಕಥೆಗಾರನೊಬ್ಬ ಇದ್ದೇ ಇರುತ್ತಾನೆ. ಸಾಯುವವನ ಕೊನೆಯ ಮಾತನ್ನು ಸೊಗಸಾಗಿ ಹೇಳುವ ಚಿಕ್ಕಪ್ಪನನ್ನು, “ತಮಗೆ ಹೇಳಿದವರು ಯಾರು, ಅವರು ಆಗ ಅಲ್ಲಿದ್ದರೆ?” ಎಂದು ಮರ್ಯಾದೆಯಿಂದ ಕೇಳಬೇಕು.

ಬಾಯಿಮಾತಿನ ಸಾಕ್ಷ್ಯಕ್ಕೆ ಜಾತ್ರೆಗಿಂತ ಒಳ್ಳೆಯ ಕಾಲವಿಲ್ಲ. ಮಾರಮ್ಮನ ಹರಕೆಗೆಂದು ಆಂಧ್ರದ ಕಡೆಯಿಂದಲೂ ಜನ ಗೌರಸಮುದ್ರಕ್ಕೆ ಬರುತ್ತಾರೆ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ನನ್ನ ಮಟ್ಟಿಗೆ ಇವರೇ ಮುಖ್ಯ ಸಾಕ್ಷಿಗಳು. ನ್ಯಾಯಾಲಯದಲ್ಲಿ ಗಂಡಸರು ಬಾವಿ, ಸರದಿ, ಹೊಲ ಎಂದು ಹೇಳಿರುವ ಕಡೆ, ನಿಜವಾದ ಕಾರಣ ಒಬ್ಬ ವಿಧವೆಯ ಜೀವನಾಂಶವೋ ಬಾಯಿಬಿಟ್ಟು ಹೇಳಲಾಗದ ಒಂದು ಅವಮಾನವೋ ಆಗಿದ್ದಿರಬಹುದು. ಅದು ಕಡತದಲ್ಲಿ ಇರುವುದಿಲ್ಲ; ಸೊಸೆಗೆ ಅತ್ತೆ ಹೇಳಿರುತ್ತಾಳೆ.

ಇಷ್ಟನ್ನೂ ಮಾಡಿದ ಮೇಲೆ ಒಂದು ಬಾಗಿಲು ಉಳಿಯುತ್ತದೆ. ಅದು ದಾಯಾದಿಯ ಮನೆಯದು. ಆ ಮನೆಯಲ್ಲಿಯೂ ಒಂದು ಕಥೆಯಿದೆ, ಅಲ್ಲಿಯೂ ಒಬ್ಬ ಅಜ್ಜಿ ಎದ್ದು ಒಳಕ್ಕೆ ಹೋಗುತ್ತಾಳೆ. ಅವರನ್ನು ಕೇಳದೆ ಬರೆದದ್ದು ಏಕಪಕ್ಷದ ತೀರ್ಪು. ಹೋಗುವವನು ಕಡತದ ನಕಲನ್ನು ಜೊತೆಯಲ್ಲಿ ಕೊಂಡೊಯ್ದು, ತನ್ನ ಪ್ರಶ್ನೆಯನ್ನು ಕೇಳುವುದಕ್ಕೆ ಮೊದಲು ಅವರ ಕೈಗೆ ಕೊಡಲಿ. ಅದು ಅವರ ಹಿರಿಯನ ಕಾಗದವೂ ಹೌದು. ಅವರು ಓದಲು ಒಂದು ವಾರ ಬೇಕೆಂದರೆ ಒಂದು ವಾರ ಕಾಯಲಿ.